ಹಳದಿ ಬಳಿಯುವುದಲ್ಲ, ಹರಿಸುವುದು

ಹೆಬ್ಬೆರಳ ಗೆಣ್ಣಿನಷ್ಟಿರುವ ಆಟದ ಯೋಧನಿಗೆ ಕೆಂಪು, ನೀಲಿ, ಹಸಿರು ತಕರಾರಿಲ್ಲದೆ ಒಗ್ಗುತ್ತವೆ. ಹಟ ಹಿಡಿಯುವುದು ಹಳದಿ ಮಾತ್ರ. ದಪ್ಪ ಬಳಿದಷ್ಟೂ ಕೆಡುವ ಈ ಬಣ್ಣವನ್ನು ನೀರಾಗಿಸಿ ಹರಿಬಿಡುವ ಉಪಾಯವೇ ‘ವಾಶ್’. ಬಾಟಲಿಯಲ್ಲಿ ಬರುವ ಆ ಹಳದಿಗೆ ಸೊರಬ ಸೀಮೆಯ ಗೋಡೆಗಳ ಮೇಲೆ ಹಳೆಯ ದಾಯಾದಿಯೊಂದಿದೆ: ಗುರಿಗೆ.

ಬಾಟಲಿಯ ಮುಚ್ಚಳವೊಂದರ ನೆತ್ತಿಗೆ ಅಂಟಿಸಿ ನಿಲ್ಲಿಸಿದ ಪ್ಲಾಸ್ಟಿಕ್ ಯೋಧ. ಎತ್ತರ 32 ಮಿಲಿಮೀಟರ್. ಅಡಿಯಿಂದ ಮುಡಿಯವರೆಗೆ ಸುಣ್ಣ ಹೊಡೆದಂತೆ ಬಿಳಿ. ಕುಂಚದ ತುದಿಯಲ್ಲಿ ತಿಳಿಸಾರಿನಷ್ಟು ತೆಳುವಾದ ಹಳದಿ. ಭುಜಕ್ಕೆ ತಗುಲಿದ್ದೇ ತಡ, ಯಾರೂ ದಾರಿ ತೋರದಿದ್ದರೂ ಅದು ಕವಚದ ಅಂಚು ಹಿಡಿದು ಓಡುತ್ತದೆ; ಎದೆಪಟ್ಟಿಯ ಸಂದು ತುಂಬುತ್ತದೆ, ಮೊಣಕೈಯ ಮಡಿಕೆಯಲ್ಲಿ ನಿಂತು ಗಾಢವಾಗುತ್ತದೆ. ಉಬ್ಬಿದ ಕಡೆ ಬಣ್ಣ ನಿಲ್ಲದೆ ಬಿಳಿ ಇಣುಕುತ್ತದೆ. ಹತ್ತು ಎಣಿಸುವಷ್ಟರಲ್ಲಿ ಮೊಂಡು ಬಿಳಿ ತುಂಡಿಗೆ ಎದೆ, ತೋಳು, ಮಂಡಿ ಮೂಡಿರುತ್ತವೆ.

ನವರಾತ್ರಿಯ ಗೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ ಐದು ದಿನಕ್ಕೆ ಭೂಮಿ ಹುಣ್ಣಿಮೆ. ಸೊರಬ, ಸಾಗರ, ಶಿಕಾರಿಪುರ ಸೀಮೆಯ ದೀವರ ಮನೆಗಳಲ್ಲಿ ಆ ಹೊತ್ತಿಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವ ಕೆಲಸ. ಒಂದು ಕಡೆ ಗೊಂಬೆ, ಇನ್ನೊಂದು ಕಡೆ ಬಣ್ಣ. ಪುಟಾಣಿ ಗೊಂಬೆಗೆ ಬಣ್ಣ ಹಾಕುವ ಕಥೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಮೇಜಿನ ಮೇಲಿನ ದಂಡು

ಗೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಹಾಕಿ, ಅಳತೆಪಟ್ಟಿ ಹಿಡಿದು ಆಡುವ ಆಟಕ್ಕೆ ಯುರೋಪಿನಲ್ಲಿ ಉದ್ದ ಚರಿತ್ರೆಯಿದೆ. ವೈಜ್ಞಾನಿಕ ಕಾದಂಬರಿಗಳ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ನಿಯಮಪುಸ್ತಕವನ್ನೇ ಬರೆದ. 1975ರಲ್ಲಿ ಶುರುವಾದ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ‘ವಾರ್‌ಹ್ಯಾಮರ್’, 1987ರಲ್ಲಿ ‘ವಾರ್‌ಹ್ಯಾಮರ್ 40,000’ ತಂದ ಮೇಲೆ ಈ ಆಟ ಊರೂರಿಗೂ ಹಬ್ಬಿತು. ಗೊಂಬೆಗಳು ಬರುವುದು ಬಿಡಿಭಾಗಗಳಾಗಿ, ಬೂದು ಬಣ್ಣದಲ್ಲಿ. ಜೋಡಿಸುವುದೂ ಬಣ್ಣ ಹಾಕುವುದೂ ಆಡುವವನ ಪಾಲಿನ ಕೆಲಸ. ಆಡುವುದಕ್ಕಿಂತ ಬಣ್ಣ ಹಾಕುವುದರಲ್ಲೇ ವರ್ಷ ಕಳೆಯುವವರು ಕಡಿಮೆಯೇನಿಲ್ಲ.

‘40,000’ ಆಟದಲ್ಲಿ ‘ಇಂಪೀರಿಯಲ್ ಫಿಸ್ಟ್ಸ್’ ಎಂಬ ದಳವಿದೆ. ಅಡಿಯಿಂದ ಮುಡಿಯವರೆಗೆ ಹಳದಿ ಕವಚ. ಪೆಟ್ಟಿಗೆಯ ಚಿತ್ರದಲ್ಲಿ ನೋಡಲು ಬಲು ಚಂದ. ಆಸೆಯಿಂದ ಶುರುಮಾಡಿ ಮೂರನೇ ಗೊಂಬೆಗೇ ಕೈಚೆಲ್ಲಿದವರ ಸಂಖ್ಯೆಯೂ ಅಷ್ಟೇ ದೊಡ್ಡದು.

ಆಟದ ಸಾಮಾನಿಗೆ ಕುಂಚ ಹಿಡಿಯುವುದು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಹಲಗೆಯಾಟ, ಎಲೆಯಾಟಗಳ ಹುಚ್ಚು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಗಂಜೀಫಾದ 13 ಬಗೆಯ ಆಟಗಳ ವಿವರವಿದೆ, ಅತಿ ದೊಡ್ಡದಕ್ಕೆ 360 ಎಲೆ. ದಶಾವತಾರ ಗಂಜೀಫಾದಲ್ಲೂ ಎಲೆಗಳು 120. ಅಂಗೈಯಲ್ಲಿ ಅಡಗುವ ದುಂಡು ಎಲೆಯೊಳಗೆ ದೇವರನ್ನು ಕೂರಿಸುವ ಚಿತ್ರಗಾರನಿಗೆ ಇಂದಿನ ಗೊಂಬೆ ಬಣ್ಣದವನ ಕಷ್ಟಗಳೆಲ್ಲ ಗೊತ್ತಿದ್ದವು, ಒಂದನ್ನು ಬಿಟ್ಟು. ಎಲೆ ಚಪ್ಪಟೆ. ಅದರಲ್ಲಿ ಉಬ್ಬುತಗ್ಗಿಲ್ಲ, ನೆರಳನ್ನು ಕಲಾವಿದನೇ ಬರೆಯಬೇಕು. ಅಚ್ಚಿನ ಗೊಂಬೆಯಲ್ಲಿ ತಗ್ಗು ಮೊದಲೇ ಇದೆ. ಬಣ್ಣ ಅಲ್ಲಿಗೆ ಹೋಗುವಂತೆ ಮಾಡಿದರೆ ಸಾಕು.

ಚನ್ನಪಟ್ಟಣದ ಆಟಿಕೆಯ ಹಳದಿ ಇನ್ನೊಂದು ಬಗೆಯದು. ಅಲ್ಲಿ ಕುಂಚವೇ ಇಲ್ಲ. ಆಲೆಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಸಾಂಪ್ರದಾಯಿಕ ಹಳದಿ ಬರುವುದು ಅರಿಶಿನದಿಂದ. ದುಂಡಗೆ ಕಡೆದ ಚದುರಂಗದ ಕಾಯಿಗೆ ಅದು ಹೇಳಿ ಮಾಡಿಸಿದಂತೆ ಕೂರುತ್ತದೆ. ಮೂಗು, ಬಾಯಿ, ಬೆರಳುಗಳಿರುವ ಯೋಧನನ್ನು ಹಾಗೆ ತಿರುಗಿಸಲಾಗದು.

ಇನ್ನು ಸೊರಬದ್ದೇ ಹೆಸರುವಾಸಿ ಪುಟಾಣಿ ವಿಗ್ರಹಗಳು ಗುಡಿಗಾರರ ಶ್ರೀಗಂಧದ ಕೆತ್ತನೆ. ಅವಕ್ಕೆ ಬಣ್ಣದ ಮಾತೇ ಇಲ್ಲ. ಗಂಧದ ಮರಕ್ಕೆ ಬಣ್ಣ ಬಳಿಯುವುದೆಂದರೆ ಅದರ ಬೆಲೆ ಒರೆಸಿ ಹಾಕಿದಂತೆ.

ಹಳದಿ ಯಾಕೆ ಮೊಂಡು?

ಬಣ್ಣ ಅಡಿಯದನ್ನು ಮುಚ್ಚುವುದು ಅದರೊಳಗಿನ ಪುಡಿ ಬೆಳಕನ್ನು ಎಷ್ಟು ಚದುರಿಸುತ್ತದೆ ಎಂಬುದರ ಮೇಲೆ. ಪುಡಿಗೂ ಅದನ್ನು ಹಿಡಿದಿಟ್ಟ ಅಂಟಿಗೂ ವಕ್ರೀಭವನ ಸೂಚ್ಯಂಕದ ಅಂತರ ಹೆಚ್ಚಿದಷ್ಟೂ ಮುಚ್ಚುವ ಶಕ್ತಿ ಹೆಚ್ಚು. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್‌ನ ಸೂಚ್ಯಂಕ ಸುಮಾರು 2.7; ಅಕ್ರಿಲಿಕ್ ಅಂಟಿನದು ಸುಮಾರು 1.5. ಹಾಗಾಗಿ ಬಿಳಿ ಬಳಿದರೆ ಗೋಡೆ ಮುಚ್ಚಿಹೋಗುತ್ತದೆ. ಇಂದಿನ ಬಹುಪಾಲು ಹಳದಿ ಪುಡಿಗಳು ಸಾವಯವ ರಾಸಾಯನಿಕಗಳು. ಅವುಗಳ ಸೂಚ್ಯಂಕ ಅಂಟಿನ ಸಮೀಪವೇ ಇರುತ್ತದೆ. ಬೆಳಕು ಅವುಗಳ ಮೂಲಕ ನುಗ್ಗಿ ಹೋಗಿ, ಅಡಿಯಲ್ಲಿದ್ದುದನ್ನು ಮುಟ್ಟಿ, ಮರಳಿ ಬರುತ್ತದೆ. ಅಡಿಯಲ್ಲಿ ಬೂದಿದ್ದರೆ ಕೊಳೆ ಹಳದಿ, ಕಪ್ಪಿದ್ದರೆ ಪಾಚಿ ಹಸಿರು.

ಚೆನ್ನಾಗಿ ಮುಚ್ಚುವ ಹಳದಿ ಇಲ್ಲವೆಂದಲ್ಲ. ಸೀಸದ ಕ್ರೋಮೇಟ್ ಬಲು ಚೆನ್ನಾಗಿ ಮುಚ್ಚುತ್ತದೆ, ಆದರೆ ವಿಷ. ಮಕ್ಕಳ ಕೈಗೂ ಹೋಗುವ ಆಟದ ಗೊಂಬೆಗೆ ಅದನ್ನು ಯಾರೂ ಒಪ್ಪುವುದಿಲ್ಲ.

ಮೊದಲ ಸಲ ಹಳದಿ ಹಿಡಿದವರು ಮಾಡುವ ತಪ್ಪು ಒಂದೇ: ಮುಚ್ಚುತ್ತಿಲ್ಲವೆಂದು ಇನ್ನಷ್ಟು ಬಳಿಯುವುದು. ನಾಲ್ಕನೇ ಪದರಕ್ಕೆ ಕುಂಚದ ಗೆರೆಗಳು ಏಳುತ್ತವೆ, ಐದನೆಯದಕ್ಕೆ ಯೋಧನ ಮೂಗು ಮುಳುಗುತ್ತದೆ. ಆರನೆಯದರ ಹೊತ್ತಿಗೆ ಅವನು ಹೋಳಿಗೆಯ ಕಣಕದಲ್ಲಿ ಅದ್ದಿ ತೆಗೆದಂತೆ ಕಾಣುತ್ತಾನೆ. ಹಳದಿಗೆ ಇಲ್ಲದ ಶಕ್ತಿಯನ್ನು ಅದರಿಂದ ಕೇಳುವ ಬದಲು, ಇರುವ ಗುಣವನ್ನೇ ಬಳಸಿಕೊಳ್ಳುವುದು ಜಾಣತನ. ಬೆಳಕನ್ನು ಬಿಡುತ್ತದೆಯೇ? ಬಿಡಲಿ. ಅಡಿಯಲ್ಲಿ ಬಿಳಿ ಇಟ್ಟರಾಯಿತು.

ಗುರಿಗೆಯ ಗುಟ್ಟು

ಮಲೆನಾಡಿನ ಚಿತ್ತಾರದ ಹಳದಿ ಬರುವುದು ಗುರಿಗೆ ಬೀಜದಿಂದ. ಬೀಜವನ್ನು ನೀರಿನಲ್ಲಿ ನೆನೆಸಿ ರಸ ತೆಗೆಯುತ್ತಾರೆ. ಅರಿಶಿನ ಗುರಿಗೆ ಎಂದೂ ಹೆಸರಿರುವ ಈ ಮರ ಗಾರ್ಸೀನಿಯಾ ಮೊರೆಲ್ಲಾ. ಘಟ್ಟದ ನಿತ್ಯಹಸಿರು ಕಾಡಿನದು. ಅಡುಗೆಮನೆಗೆ ಹುಳಿ ಕೊಡುವ ಉಪ್ಪಾಗೆ, ಶರಬತ್ತಿನ ಮುರುಗಲು ಇದರ ಸೋದರರು. ಮರದ ತೊಗಟೆ ಗೀರಿದರೆ ಒಸರುವ ಹಳದಿ ಅಂಟನ್ನು ಲೋಕದ ಚಿತ್ರಕಾರರೆಲ್ಲ ‘ಗ್ಯಾಂಬೋಜ್’ ಎಂದು ಬಲ್ಲರು. ಕಾಂಬೋಡಿಯಾದ ಹೆಸರಿನಿಂದ ಬಂದ ಮಾತದು. ಅಲ್ಲಿ ಇದೇ ಕುಲದ ಇನ್ನೊಂದು ಮರದಿಂದ ಅಂಟು ಇಳಿಸುತ್ತಿದ್ದರು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕಿನ ಅಡಿಗೆ ಉಬ್ಬು ಕೆಲಸ ಮಾಡುವ ‘ಮಕ್ಕಿ ಸಫೇದ’ದಲ್ಲೂ ಸೇರುತ್ತಿದ್ದುದು ಈ ಹಳದಿಯೇ. ಗುರಿಗೆ ಬೀಜದಲ್ಲಿರುವ ‘ಮೊರೆಲ್ಲಿನ್’ ಎಂಬ ಹಳದಿ ವಸ್ತುವನ್ನು ಬೇರ್ಪಡಿಸಿ 1937ರಲ್ಲಿ ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ರಸಾಯನ ವಿಜ್ಞಾನಿ ಬಿ. ಸಂಜೀವ ರಾವ್.

ಗ್ಯಾಂಬೋಜ್‌ನ ವಿಶೇಷವೆಂದರೆ ಅದು ಹುಟ್ಟಿನಿಂದಲೇ ವಾಶ್. ಅದರಲ್ಲಿ ಬಣ್ಣದ ರಾಳವೂ ಇದೆ, ನೀರಿನಲ್ಲಿ ಕರಗುವ ಗೋಂದೂ ಇದೆ. ಒದ್ದೆ ಕುಂಚ ತಗುಲಿಸಿದರೆ ಸಾಕು, ಬೇರೆ ಅಂಟು ಬೆರೆಸದೆಯೇ ಹಳದಿ ಹಾಲು ಬಿಡುತ್ತದೆ. ಆ ಹಾಲು ಪಾರದರ್ಶಕ. ಕೆಮ್ಮಣ್ಣಿನ ಮೇಲೆ ನೇರವಾಗಿ ಎಳೆದರೆ ಅದು ಕಣ್ಣಿಗೆ ಬೀಳುವುದೇ ಕಷ್ಟ. ಅಕ್ಕಿಹಿಟ್ಟಿನ ಅಥವಾ ಜೇಡಿಮಣ್ಣಿನ ಬಿಳಿಯ ಮೇಲೆ ಬಿದ್ದರೆ ಬೆಳಗುತ್ತದೆ. ಪ್ಲಾಸ್ಟಿಕ್ ಯೋಧನಿಗೆ ಬಿಳಿ ಪ್ರೈಮರ್ ಯಾಕೆ ಬೇಕೆಂದು ಕೇಳುವವರಿಗೆ ಇಷ್ಟೇ ಉತ್ತರ ಸಾಕು.

ದೋಷವೂ ಇದೆ. ಗ್ಯಾಂಬೋಜ್ ಬಿಸಿಲಿಗೆ ಮಂಕಾಗುತ್ತದೆ. ಹಬ್ಬಕ್ಕೋ ಮದುವೆಗೋ ಮತ್ತೆ ಮತ್ತೆ ಬರೆಯುವ ಗೋಡೆಗೆ ಅದೊಂದು ಚಿಂತೆಯಲ್ಲ. ವರ್ಷಗಟ್ಟಲೆ ಕಪಾಟಿನಲ್ಲಿ ನಿಲ್ಲುವ ಗೊಂಬೆಗೆ ಆಗುವುದಿಲ್ಲ. ನುಣುಪಾದ ಪ್ಲಾಸ್ಟಿಕ್ಕನ್ನು ಅದು ಹಿಡಿದುಕೊಳ್ಳುವುದೂ ಇಲ್ಲ. ಜತೆಗೆ ಅದು ಜೋರು ಭೇದಿ ಮಾಡಿಸುವ ವಸ್ತು. ಕುಂಚದ ಮೊನೆ ತೀಡಲು ತುಟಿಗೆ ತಾಗಿಸುವ ಚಾಳಿ ಹಳೆಯ ಚಿತ್ರಗಾರರಿಗೂ ಇತ್ತು, ಇಂದಿನ ಗೊಂಬೆ ಬಣ್ಣದವರಿಗೂ ಇದೆ. ಗ್ಯಾಂಬೋಜ್ ಹಿಡಿದಾಗ ಆ ಚಾಳಿ ಬಿಡದಿದ್ದವನಿಗೆ ಪಾಠ ಬೇಗ ಸಿಗುತ್ತಿತ್ತು.

▪ ಬಾಕ್ಸ್: ಚಿತ್ತಾರದ ನಾಲ್ಕು ಬಣ್ಣ
ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ಅಕ್ಕಿಹಿಟ್ಟು ಅಥವಾ ಬಿಳಿ ಜೇಡಿ. ಕಪ್ಪಿಗೆ ಕರಿಯಾಗುವಷ್ಟು ಹುರಿದ ಅಕ್ಕಿ. ಹಳದಿಗೆ ಗುರಿಗೆ. ಕುಂಚ ಪುಂಡಿ ನಾರಿನದು.

▪ ಬಾಕ್ಸ್: ಅಣುವಿಗೆ ಸಾಕ್ಷಿ ಹೇಳಿದ ಹಳದಿ
ಅಣುಗಳು ನಿಜವಾಗಿ ಇವೆಯೇ ಎಂಬ ವಾದ ಇನ್ನೂ ಮುಗಿಯದಿದ್ದ 1908ರಲ್ಲಿ ಫ್ರಾನ್ಸಿನ ಜಾನ್ ಪೆರಾಂ ನೀರಿನಲ್ಲಿ ತೇಲುವ ಗ್ಯಾಂಬೋಜ್ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತ ಕೂತ. ಆ ಕಣಗಳ ಕುಣಿತ, ಹಂಚಿಕೆಯ ಲೆಕ್ಕ ಅಣುಗಳ ಇರವಿಗೆ ಪುರಾವೆಯಾಯಿತು. 1926ರಲ್ಲಿ ಅವನಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಬಿಳಿಯಿಂದ ಹಳದಿಗೆ

ಕೆಲಸ ಶುರುವಾಗುವುದು ಸೋಪಿನ ನೀರಿನಿಂದ. ಅಚ್ಚಿನಿಂದ ಬಿಡಿಸುವಾಗ ಗೊಂಬೆಗೆ ಹತ್ತಿದ ಜಿಡ್ಡು ಹೋಗದಿದ್ದರೆ ಮೇಲಿನ ಬಣ್ಣವೆಲ್ಲ ಸಿಪ್ಪೆಯಂತೆ ಏಳುತ್ತದೆ. ಒಣಗಿದ ಮೇಲೆ ಬಿಳಿ ಪ್ರೈಮರ್. ಒಂದೇ ಏಟಿಗೆ ಮುಚ್ಚಬಾರದು. ಎರಡು ತೆಳು ಸಿಂಪಡಿಕೆ ಸಾಕು. ಅನುಭವಸ್ಥರು ಅಚ್ಚ ಬಿಳಿಗಿಂತ ಕೆನೆಬಣ್ಣವನ್ನೋ ತೆಳು ಗುಲಾಬಿಯನ್ನೋ ಇಷ್ಟಪಡುತ್ತಾರೆ. ಗುಲಾಬಿಯ ಮೇಲಿನ ಹಳದಿಗೆ ಮಾವಿನಹಣ್ಣಿನ ತಿರುಳಿನ ಬಿಸುಪು ಬರುತ್ತದೆ. ಅಚ್ಚ ಬಿಳಿಯ ಮೇಲೆ ನಿಂಬೆಯ ತಂಪು.

ಇಲ್ಲಿಂದ ದಾರಿ ಎರಡಾಗುತ್ತದೆ. ಒಂದು, ಮೊದಲು ಹಳದಿಯನ್ನು ಹಾಲಿನ ಹದಕ್ಕೆ ತೆಳುಮಾಡಿ ಎರಡು ಮೂರು ಪದರ ಕೊಟ್ಟು, ಆಮೇಲೆ ಕಂದು ವಾಶ್ ಹರಿಸಿ ಸಂದುಗಳಿಗೆ ನೆರಳು ತುಂಬುವುದು. ಇನ್ನೊಂದು, ಬಿಳಿಯ ಮೇಲೆ ಹಳದಿ ವಾಶನ್ನೇ ಬಿಟ್ಟು ಬಣ್ಣ, ನೆರಳು ಎರಡನ್ನೂ ಅದರಿಂದಲೇ ಮಾಡಿಸುವುದು. ದಂಡಿನ ಎಲ್ಲ ಗೊಂಬೆಗಳಿಗೂ ಹೊಳಪು ಒಂದೇ ಸಮ ಬರಬೇಕಾದರೆ ಎರಡನೆಯದೇ ಮೇಲು. ಬೇಗವೂ ಮುಗಿಯುತ್ತದೆ.

ವಾಶನ್ನು ಮನೆಯಲ್ಲೇ ಕಲಸಬಹುದು. ಒಂದು ಪಾಲು ಅಕ್ರಿಲಿಕ್ ಹಳದಿಗೆ ಮೂರು ನಾಲ್ಕು ಪಾಲು ತೆಳುದ್ರವ. ಅದು ಬರೀ ನೀರಾದರೆ ಅಂಟಿನ ಹಿಡಿತ ಸಡಿಲವಾಗಿ ಒಣಗಿದ ಮೇಲೆ ಬಣ್ಣ ಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತದೆ. ಅದಕ್ಕೇ ಅರ್ಧ ನೀರು, ಅರ್ಧ ಬಣ್ಣವಿಲ್ಲದ ಅಕ್ರಿಲಿಕ್ ಮೀಡಿಯಂ. ತಯಾರಾದದ್ದೇ ಬೇಕೆಂದರೆ ಗೇಮ್ಸ್ ವರ್ಕ್‌ಶಾಪ್‌ನ ಬಣ್ಣದ ಬ್ರಾಂಡ್ ಸಿಟಡೆಲ್‌ನ ‘ಕಸಾಂಡೋರಾ ಯೆಲ್ಲೋ’ ಇದೆ. 2019ರಲ್ಲಿ ಬಂದ ಅದೇ ಕಂಪನಿಯ ‘ಕಾಂಟ್ರಾಸ್ಟ್’ ಬಣ್ಣಗಳಲ್ಲಿ ‘ಇಯಾಂಡೆನ್ ಯೆಲ್ಲೋ’ ಇನ್ನೂ ಗಾಢ. ಒಂದೇ ಕೈಗೆ ತಗ್ಗಿನಲ್ಲಿ ಕಿತ್ತಳೆ, ಉಬ್ಬಿನಲ್ಲಿ ಹಳದಿ ಬಿಡುತ್ತದೆ.

ಇನ್ನು ಕೈಕೆಲಸ. ಕುಂಚ ತುಂಬ ಬಣ್ಣ ಹೀರಿ, ಒರೆಸುವ ಬಟ್ಟೆಗೆ ಒಮ್ಮೆ ತಾಗಿಸಿ, ಗೊಂಬೆಯ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಎಳೆದಲ್ಲೇ ಮತ್ತೆ ಮತ್ತೆ ತಿಕ್ಕಬಾರದು. ಬತ್ತಿ ಎಣ್ಣೆಯನ್ನು ಹೀರುವಂತೆ ಸಂದುಗಳು ಬಣ್ಣವನ್ನು ತಾವೇ ಎಳೆದುಕೊಳ್ಳುತ್ತವೆ. ಮೊಣಕಾಲ ಕೆಳಗೋ ಗಲ್ಲದ ಅಡಿಯಲ್ಲೋ ಹನಿ ಗುಂಡಾಗಿ ನಿಂತಿತೋ, ಕುಂಚ ತೊಳೆದು ಒತ್ತಿ ಹಿಂಡಿ, ತೇವದ ತುದಿಯನ್ನು ಹನಿಗೆ ತಾಗಿಸಿದರೆ ಅದು ಮೇಲೇರಿ ಬರುತ್ತದೆ. ಈ ಹಿಂತೆಗೆಯುವ ಕೆಲಸ ಬಾರದಿದ್ದರೆ ವಾಶ್ ಕಲಿತಂತಲ್ಲ.

ಹಿಂತೆಗೆಯದೆ ಬಿಟ್ಟರೆ ಮೂಡುವುದು ಉಂಗುರ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚಿನಲ್ಲಿ ಕಪ್ಪುಗೆರೆ ನಿಲ್ಲುತ್ತದಲ್ಲ, ಅದೇ. ಹನಿಯ ಅಂಚು ಬೇಗ ಆರುತ್ತದೆ. ಆರಿದ ನೀರಿನ ಜಾಗ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹರಿಯುವಾಗ ಬಣ್ಣದ ಕಣಗಳನ್ನೂ ಹೊತ್ತೊಯ್ಯುತ್ತದೆ. ಅಡುಗೆಮನೆಗಳಲ್ಲಿ ಎಲ್ಲರೂ ನೋಡಿದ ಈ ಸಂಗತಿಗೆ ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪೂರ್ತಿ ವಿವರಣೆ ಕೊಟ್ಟದ್ದು 1997ರಲ್ಲಿ. ಅಗಲ ಚಪ್ಪಟೆ ಜಾಗಗಳಲ್ಲಿ, ಅಂದರೆ ಭುಜದ ತಟ್ಟೆ, ಗುರಾಣಿಗಳಲ್ಲಿ ಉಂಗುರದ ಕಾಟ ಜಾಸ್ತಿ. ಅಲ್ಲಿ ಒಂದೇ ದಪ್ಪ ವಾಶ್ ಬಿಡುವ ಬದಲು ಮೂರು ತೆಳು ವಾಶ್, ಪ್ರತಿ ಸಲವೂ ಪೂರ್ತಿ ಒಣಗಿದ ಮೇಲೆ.

ನೆರಳಿಗೆ ಕಪ್ಪು ಬೇಡ

ಕೆಂಪಿನ ನೆರಳಿಗೆ ಕಪ್ಪು ಬೆರೆಸಿದರೆ ಕೆಂಪು ಗಾಢವಾಗುತ್ತದೆ. ಹಳದಿಗೆ ಬೆರೆಸಿದರೆ ಅದು ಹಳದಿಯಾಗಿಯೇ ಉಳಿಯುವುದಿಲ್ಲ, ಹಸಿರಿಗೆ ತಿರುಗುತ್ತದೆ. ಕಪ್ಪು ವಾಶ್ ಕುಡಿದ ಹಳದಿ ಯೋಧ ಜಾಂಡೀಸ್ ವಾಸಿಯಾಗದವನಂತೆ ಕಾಣಲು ಇದೇ ಕಾರಣ.

ಹಳದಿಯ ನೆರಳು ಬಿಸಿ ಬಣ್ಣದ್ದಾಗಿರಬೇಕು. ಕಿತ್ತಳೆ, ಕಾವಿ, ಕೆಂಗಂದು. ಮಾಗಿದ ಬಾಳೆಹಣ್ಣಿನ ಮಚ್ಚೆ, ಅರಿಶಿನ ಕೊಂಬಿನ ಗೀರುಗಳನ್ನು ನೋಡಿದರೆ ಪ್ರಕೃತಿಯ ಆಯ್ಕೆ ತಿಳಿಯುತ್ತದೆ. ಮಲೆನಾಡಿನವರಿಗೆ ಇದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ಹಳದಿಯ ಪಕ್ಕದಲ್ಲಿ ಕೆಮ್ಮಣ್ಣು ಎಷ್ಟು ಹೊಂದುತ್ತದೆಂದು ಅವರ ಗೋಡೆಗಳೇ ತೋರಿಸುತ್ತವೆ. ಹಳದಿ ವಾಶ್ ಒಣಗಿದ ಮೇಲೆ, ತೀರ ಆಳದ ಸಂದುಗಳಿಗೆ ಮಾತ್ರ ಸೂಜಿಮೊನೆಯ ಕುಂಚದಲ್ಲಿ ಕೆಂಗಂದು ವಾಶಿನ ಗೆರೆ ಎಳೆಯುವುದು ಉತ್ತಮ. ಇಡೀ ಮೈಗೆ ಕಂದು ಹರಿಸಿದರೆ ಕಷ್ಟಪಟ್ಟು ಉಳಿಸಿದ ಹೊಳಪೆಲ್ಲ ಹೋಗಿ ಯೋಧ ಗದ್ದೆಯಿಂದ ಎದ್ದುಬಂದಂತಾಗುತ್ತಾನೆ.

ಕೊನೆಗೆ ಅಂಚುಗಳು. ಹಳದಿಗೆ ಕೆನೆಬಿಳಿ ಬೆರೆಸಿ, ಕವಚದ ತುದಿಗಳಿಗೆ ಕುಂಚದ ಮೈ ಸವರಿದರೆ ಬೆಳಕು ಬಿದ್ದಂತೆ ಮಿನುಗುತ್ತದೆ. ಹಳದಿ ಮೊದಲೇ ಬಿಳಿಯ ಸಮೀಪದ ಬಣ್ಣ. ಇಲ್ಲಿ ಕೈ ಬಿಗಿಹಿಡಿಯಬೇಕು.


   

ಮಳೆಗಾಲದ ಲೆಕ್ಕ

ಇಂಗ್ಲೆಂಡಿನ ಬಾಟಲಿಯ ಮೇಲಿನ ಸೂಚನೆ ಮಲೆನಾಡಿನ ಆಷಾಢಕ್ಕೆ ಹೊಂದುವುದಿಲ್ಲ. ಗಾಳಿಯಲ್ಲಿ ತೇವ ತುಂಬಿದಾಗ ವಾಶ್ ಆರುವುದು ನಿಧಾನ. ಅದರಿಂದ ಲಾಭವೂ ಇದೆ: ಹನಿ ಹಿಂತೆಗೆಯಲು ಬಿಡುವು ಸಿಗುತ್ತದೆ. ನಷ್ಟವೆಂದರೆ, ಮೇಲೆ ಒಣಗಿದಂತೆ ಕಂಡರೂ ಸಂದಿನಲ್ಲಿ ಹಸಿಯಿರುತ್ತದೆ. ಅದರ ಮೇಲೆ ಎರಡನೇ ವಾಶ್ ಬಿಟ್ಟರೆ ಮೊದಲಿನದು ಕಿತ್ತು ಬಂದು ಬಿಳಿ ಮಚ್ಚೆ ಉಳಿಯುತ್ತದೆ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿಯುವವರಿದ್ದಾರೆ. ಹತ್ತಿರ ಹಿಡಿದರೆ ಗಾಳಿ ಬಣ್ಣವನ್ನು ಸಂದಿನಿಂದ ಹೊರಗಟ್ಟುತ್ತದೆ. ಮೊಳದಷ್ಟು ದೂರದಿಂದ, ತಣ್ಣನೆಯ ಗಾಳಿ ಬಿಟ್ಟರೆ ತೊಂದರೆಯಿಲ್ಲ.

ಕೊನೆಯ ಕೆಲಸ ವಾರ್ನಿಷ್. ಆಟದಲ್ಲಿ ಗೊಂಬೆಯನ್ನು ಎತ್ತುವುದೂ ಇಡುವುದೂ ಬೆರಳಿನಿಂದ. ಬೆವರು, ಜಿಡ್ಡು ಮೊದಲು ತಿನ್ನುವುದು ಉಬ್ಬಿದ ಅಂಚಿನ ಹಳದಿಯನ್ನು. ತೇವದ ದಿನ ಸ್ಪ್ರೇ ವಾರ್ನಿಷ್ ಹೊಡೆದರೆ ಅದು ಮಂಜು ಹಿಡಿದ ಗಾಜಿನಂತೆ ಬೆಳ್ಳಗಾಗಿ, ವಾರವಿಡೀ ಮಾಡಿದ ಕೆಲಸ ಒಂದು ನಿಮಿಷದಲ್ಲಿ ಮಸುಕಾಗುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟದೆ, ಹೊಳಪಿಲ್ಲದ ವಾರ್ನಿಷನ್ನು ಕುಂಚದಲ್ಲೇ ತೆಳುವಾಗಿ ಎರಡು ಸಲ ಹಚ್ಚುವುದು ವಾಸಿ. ಸ್ಪ್ರೇಯೇ ಬೇಕೆನ್ನುವವರು ಮಳೆ ಹೊಳವಾಗಿ, ಗದ್ದೆಗೆ ಭೂಮಣ್ಣಿ ಬುಟ್ಟಿ ಹೋಗುವ ಹೊತ್ತಿನವರೆಗೆ ಗೊಂಬೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕಾಯಿಸುತ್ತಾರೆ.